ಜಪಾನಿನ ಗುಂಡಿ, ಟೀಚರ್ ಸಹಿ

ಬಾಯಿಯ ಎಡಮೂಲೆಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡೇ ಅವರು ದಿನವಿಡೀ ಮಾತಾಡುತ್ತಿದ್ದರು. ಬೈಗುಳ, ನಗು, ಕಾಫಿಗೆ ಕೂಗು, ಎಲ್ಲವೂ ಬಲಮೂಲೆಯಿಂದಲೇ. ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರೆಂದರೆ ವಿಷಯ ಗಂಭೀರ ಎಂದು ನಮಗೆಲ್ಲ ತಿಳಿಯುತ್ತಿತ್ತು.

ಬಸವನಗುಡಿಯ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಅವರು ಟೀಚರ್. ಮನೆಯ ಹಜಾರದಲ್ಲಿ ನಾಲ್ಕು ಮೆಷೀನು ಹಾಕಿ, ಕಸೂತಿಯ ಮಕ್ಕಳ ಫ್ರಾಕು ಹೊಲಿಸಿ, ವಿದೇಶದ ಅಂಗಡಿಯೊಂದಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಟೈಪಿಸ್ಟು. ಟೈಪ್ ಮಾಡುವಷ್ಟು ಕೆಲಸವೇನೂ ಇರುತ್ತಿರಲಿಲ್ಲ, ಹಾಗಾಗಿ ಪೇಟೆಗೆ ಹೋಗಿ ದಾರ, ಗುಂಡಿ ತರುವುದೂ ನನ್ನ ಪಾಲಿಗೆ ಬಂದಿತ್ತು.

ಪ್ರತಿ ಪಾರ್ಸೆಲಿನ ಜೊತೆ ಒಂದು ಕಾಗದ ಹೋಗುತ್ತಿತ್ತು. ಇದರಲ್ಲಿರುವುದೆಲ್ಲ ನಮ್ಮ ದೇಶದಲ್ಲೇ ಆದದ್ದು ಎಂಬ ಘೋಷಣೆ. ಅದಿದ್ದರೆ ಕೊಳ್ಳುವವರಿಗೆ ಅಲ್ಲಿ ಸುಂಕದಲ್ಲಿ ರಿಯಾಯಿತಿ. ದೊಡ್ಡ ರಫ್ತುದಾರರಿಗಾದರೆ ಸರ್ಕಾರಿ ಕಚೇರಿಯ ಮೊಹರು ಬೇಕು. ನಮ್ಮಂಥ ಸಣ್ಣ ಪಾರ್ಸೆಲಿಗೆ ಕಳಿಸುವವರ ಸಹಿಯೇ ಸಾಕಿತ್ತು. ಆದರೂ ಟೀಚರ್ ದಾರದ ಉಂಡೆಯನ್ನೂ ಬಿಡದೆ ವಿಚಾರಿಸುವರು.

"ಯಾರೂ ನೋಡಲ್ವಲ್ಲ ಟೀಚರ್, ಅಷ್ಟೊಂದ್ ಯಾಕ್ ಕೇಳ್ತೀರಾ?" ಎಂದೆ ಒಮ್ಮೆ.

ಸೂಜಿಗಳು ಸೆರಗಿಗೆ ಹೋದವು. "ಯಾರೂ ನೋಡಲ್ಲ ಅಂತಾನೇ ಕಣೇ ನಾನು ನೋಡ್ಬೇಕಾಗಿರೋದು."

ಆ ವರ್ಷ ಕ್ರಿಸ್‌ಮಸ್ಸಿಗೆ ಮುಟ್ಟಬೇಕಾದ ದೊಡ್ಡ ಆರ್ಡರ್ ಬಂತು. ನಾಲ್ವರು ಹೆಂಗಸರ ಬೇಸಿಗೆಯವರೆಗಿನ ಕೆಲಸ ಅದನ್ನೇ ನಂಬಿತ್ತು. ಪಾರ್ಸೆಲ್ ಹೊರಡುವ ಹೊತ್ತಿಗೆ ನಮ್ಮ ಮಾಮೂಲಿ ಗುಂಡಿ ಪೇಟೆಯಲ್ಲಿ ಖಾಲಿ. "ಜಪಾನ್ ಮಾಲಿದೆ, ತಗೊಂಡ್ಹೋಗಮ್ಮ, ಯಾರಿಗ್ ಗೊತ್ತಾಗತ್ತೆ," ಎಂದ ಅಂಗಡಿಯವನು. ನನ್ನ ಬುದ್ಧಿ ಮಂಕಾಗಿತ್ತು, ತಂದುಬಿಟ್ಟೆ. ಜಪಾನಿನ ಹೆಸರಿದ್ದ ರಟ್ಟಿನಿಂದ ಬಿಡಿಸಿ ಡಬ್ಬಿಗೆ ಸುರಿದ ಮೇಲೆ ಎಲ್ಲ ಬಿಳಿ ಗುಂಡಿಯೂ ಒಂದೇ.

ಪಾರ್ಸೆಲ್ ಹೊಲಿಯುವ ಮುಂಚೆ ಟೀಚರ್ ಎಂದಿನಂತೆ ಕೇಳಿದರು. "ಬಟ್ಟೆ?"

"ಇಲ್ಲೀದೇ ಟೀಚರ್."

"ದಾರ?"

"ಇಲ್ಲೀದೇ."

"ಗುಂಡಿ?"

"ಅದೂ," ಎಂದೆ. ಸಹಿ ಹಾಕಿದರು.

ಪೋಸ್ಟ್ ಆಫೀಸಿನ ಗುಮಾಸ್ತರು ಕಾಗದವನ್ನು ಓದಲೂ ಇಲ್ಲ. "ನಿಮ್ ಸಹಿ ಇದ್ಯಲ್ಲ ಟೀಚರ್, ಸಾಕು," ಎಂದು ಪಾರ್ಸೆಲನ್ನು ತೂಕಕ್ಕಿಟ್ಟರು. ಅವರ ಮಗಳಿಗೂ ಟೀಚರೇ ಹೊಲಿಗೆ ಕಲಿಸಿದ್ದರಂತೆ. ನನಗೆ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ.

"ಟೀಚರ್, ಗುಂಡಿ ಜಪಾನಿಂದು," ಎಂದುಬಿಟ್ಟೆ.

ಅವರು ಪಾರ್ಸೆಲ್ ವಾಪಸ್ ಇಸಿದುಕೊಂಡರು, ಸಹಿ ಹಾಕಿದ ಕಾಗದವನ್ನು ಅಲ್ಲೇ ಹರಿದರು. ಕೆಲಸ ಹೋಯಿತೆಂದುಕೊಂಡೇ ಹಿಂದೆ ನಡೆದೆ. ಮನೆಗೆ ಬಂದು ನನ್ನ ಕೈಗೆ ಕತ್ತರಿ ಕೊಟ್ಟು, "ಕೂತ್ಕೋ. ಬಟ್ಟೆ ಹರೀದಂಗೆ ಒಂದೊಂದೇ ತೆಗಿ," ಎಂದರು. ನಮ್ಮ ಗುಂಡಿ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಕ್ರಿಸ್‌ಮಸ್ಸಿಗೆ ಮುಟ್ಟುವ ಆಸೆ ಬಿಟ್ಟುಹೋಗಿತ್ತು.

ಪಾರ್ಸೆಲಿನ ಜೊತೆ, ತಡವಾದದ್ದಕ್ಕೆ ಕಾರಣವನ್ನೂ ವಿದೇಶದ ಅಂಗಡಿಗೆ ಬರೆಯಬೇಕಿತ್ತು. ಟೀಚರ್ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. "ವಿಚಾರಿಸದೆ ಬೇರೆ ದೇಶದ ಗುಂಡಿ ತಂದವಳು ನಾನೇ," ಎಂದು ಅವರು ಹೇಳಿದಾಗ ನನ್ನ ಬೆರಳು ನಿಂತಿತು.

"ಟೀಚರ್, ತಂದಿದ್ದು ನಾನಲ್ವಾ?"

ಬಾಯಲ್ಲಿ ಸೂಜಿ ಇರಲಿಲ್ಲ. "ನಿನ್ ಹೆಸ್ರು ಮೊದಲ್ನೇ ಸಲ ಸಮುದ್ರ ದಾಟೋದು ಹಿಂಗಾಗ್ಬಾರ್ದು. ಟೈಪ್ ಮಾಡು."

ಆ ಅಂಗಡಿಯಿಂದ ಮತ್ತೆ ಆರ್ಡರ್ ಬರಲಿಲ್ಲ. ಬೇಸಿಗೆಯವರೆಗೆ ಶಾಲೆಯ ಯೂನಿಫಾರಂ ಹೊಲಿದು ಕಾಲ ತಳ್ಳಿದೆವು. ಹೆಂಗಸರು ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಗುಂಡಿ ತಾವೇ ಹೇಳಿ ತರಿಸಿದ್ದೆಂದು ಟೀಚರ್ ಅವರಿಗೂ ಹೇಳಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಟೀಚರ್ ತೀರಿಕೊಂಡಾಗ ಅವರ ಸೊಸೆ ಹಳೆಯ ಫೈಲನ್ನು ನನಗೇ ಕೊಟ್ಟರು. ಎಲ್ಲದರ ಕಾರ್ಬನ್ ಪ್ರತಿ ಅದರಲ್ಲಿದೆ: ಬಟ್ಟೆ ಇಲ್ಲಿಯದು, ದಾರ ಇಲ್ಲಿಯದು, ಗುಂಡಿ ಇಲ್ಲಿಯದು. ಅಷ್ಟು ಕಾಗದಗಳಲ್ಲಿ ಅವರು ತಿಳಿದೂ ಸುಳ್ಳು ಬರೆಸಿ ಸಹಿ ಹಾಕಿದ್ದು ತಡವಾದದ್ದಕ್ಕೆ ಬರೆಸಿದ ಆ ಪತ್ರ ಒಂದಕ್ಕೇ, ಅದೂ ನನ್ನ ಸಲುವಾಗಿ.