ನೆಲಮಾಳಿಗೆಯ ನಕ್ಷೆ ಬರೆದವಳು

ಮೊನ್ನೆ ಮಧ್ಯಾಹ್ನ ಊಟದ ಮೇಜಿನ ಒಂದು ತುದಿಯಲ್ಲಿ ನಾನು ಅವರೆಕಾಯಿ ಸುಲಿಯುತ್ತಿದ್ದೆ, ಇನ್ನೊಂದು ತುದಿಯಲ್ಲಿ ಸೊಸೆ ವಿನುತಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಅವಳಿಗೆ ಅಂದು ರಜೆ. ಸಿಪ್ಪೆ ಎಸೆಯಲು ಎದ್ದವಳು ಅವಳ ಹೆಗಲ ಮೇಲಿಂದ ಸುಮ್ಮನೆ ಇಣುಕಿದೆ. ಕಪ್ಪು ಪರದೆ, ಅದರ ಮೇಲೆ ಹಸಿರು ಗೀಟುಗಳು. ಎರಡು ಪಕ್ಕದಲ್ಲಿ ಗೋಡೆ, ಎದುರಿಗೆ ಬಾಗಿಲು, ಕೆಳಗೆ ಸಾಲಾಗಿ ಆರು ಜನರ ಹೆಸರು. ಸಿಪ್ಪೆಯ ಮೊರ ಹಿಡಿದುಕೊಂಡು ನಾನು ಹಾಗೇ ನಿಂತುಬಿಟ್ಟೆ.

"ಇದೇನೇ ಇದು?"

"ತುಂಬಾ ಹಳೇ ಕಾಲದ ಆಟ ಅತ್ತೆ. ಈಗ ಮತ್ತೆ ಬಿಟ್ಟಿದಾರೆ. ನಿಮಗೆ ಗೊತ್ತಾಗಲ್ಲ ಬಿಡಿ."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆಮೇಲೆ ಯಾರೋ ಇಂಟರ್ನೆಟ್ಟಿನಲ್ಲಿ ಹೊಸಬರಿಗೆಂದು ಬರೆದಿದ್ದ ಸೂಚನೆಗಳನ್ನು ಗಟ್ಟಿಯಾಗಿ ಓದಿಕೊಳ್ಳತೊಡಗಿದಳು. ಮೊದಲನೆಯದೇ ಹೀಗಿತ್ತು: ಸಾವಿಗೆ ಹೆದರಬೇಡಿ, ಒಬ್ಬರು ಸತ್ತರೆ ಇನ್ನೊಬ್ಬರನ್ನು ಮಾಡಿಕೊಂಡು ಮುಂದುವರಿಯಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಬ್ಬರನ್ನು ಮಾಡಿಕೊಳ್ಳುವುದಂತೆ! ಉಪ್ಪಿಟ್ಟು ಸೀದರೆ ಇನ್ನೊಂದು ಸಲ ಮಾಡಿದ ಹಾಗೆ! "ಮೊದಲನೇ ಸೂಚನೆ ಅದಲ್ಲ," ಎಂದೆ. "ಕೆಳಗೆ ಇಳಿಯೋಕೆ ಮುಂಚೆ ಮೇಲೆ ಬರೋ ದಾರಿ ಗೊತ್ತಿರ್ಬೇಕು. ಅದು ಮೊದಲನೇದು."

ವಿನುತಾ ತಿರುಗಿ ನೋಡಿದ ನೋಟವನ್ನು ನೀವು ನೋಡಬೇಕಿತ್ತು.

ಈ ಕಥೆಯನ್ನು ನಾನು ಯಾರಿಗೂ ಹೇಳಿದ್ದಿಲ್ಲ. ಹೇಳುವಂಥದ್ದೇನಿದೆ ಎಂದು ಮೂವತ್ತೈದು ವರ್ಷ ಸುಮ್ಮನಿದ್ದೆ. ದೇವರ ದಯೆಯಿಂದ ಹೊಟ್ಟೆಬಟ್ಟೆಗೆ ಕೊರತೆಯಿಲ್ಲ, ಮಂಡಿ ಇನ್ನೂ ಮಡಚುತ್ತದೆ, ಕನ್ನಡಕ ಹಾಕಿದರೆ ಸೂಜಿಗೆ ದಾರ ಪೋಣಿಸುತ್ತೇನೆ. ಇಷ್ಟೆಲ್ಲ ಕೊಟ್ಟವನ ಎದುರು ದೂರು ಹೇಳಬಾರದು. ಆದರೆ ನಾನು ದೂರುವುದು ದೇವರನ್ನಲ್ಲ, ನನ್ನ ಮೈದುನ ಶ್ರೀಕಂಠನನ್ನು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಲ್ಲೇಶ್ವರದಲ್ಲಿ ನಮ್ಮದು ಸಂಪಿಗೆ ರಸ್ತೆಯಿಂದ ಒಳಗೆ ಎರಡು ತಿರುವು ದಾಟಿದರೆ ಸಿಗುವ ಹಂಚಿನ ಮನೆ. ನಮ್ಮವರು, ಅತ್ತೆ, ಶ್ರೀಕಂಠ, ನಾನು, ತೊಟ್ಟಿಲಲ್ಲಿ ಮಗು. ಶ್ರೀಕಂಠ ಆಫೀಸು ಮುಗಿಸಿ ಬಂದ ಮೇಲೆ ಸಂಜೆ ಕಂಪ್ಯೂಟರ್ ಪಾಠ ಹೇಳುತ್ತೇನೆಂದು ಮುಂದಿನ ಕೋಣೆಗೆ ಒಂದು ಕಂಪ್ಯೂಟರ್ ತಂದಿಟ್ಟ. ಆ ಯಂತ್ರಕ್ಕೆ ಇದ್ದ ಮಡಿ ನಮ್ಮ ದೇವರಮನೆಗೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಕೈ ಒರೆಸಿಕೊಂಡು ಮುಟ್ಟಬೇಕು, ಒಗ್ಗರಣೆ ಹಾಕುವಾಗ ಆ ಕೋಣೆಯ ಬಾಗಿಲು ಮುಚ್ಚಬೇಕು. ಅದಕ್ಕೆ ಗವಸು ಹೊಲಿದವಳೂ ನಾನೇ. ಆಯುಧಪೂಜೆಯ ದಿನ ಅತ್ತೆ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟರೆ, "ಅಮ್ಮಾ, ಒಳಗೆ ಹೋದ್ರೆ ಏನ್ ಗತಿ!" ಎಂದು ಕೂಗಿಕೊಂಡ. ಅದೇ ಮಹಾರಾಯ ಚಪ್ಪಲಿ ಕಾಲಲ್ಲೇ ದೇವರಮನೆ ಬಾಗಿಲಿಗೆ ಬಂದು "ಅತ್ತಿಗೆ, ಕಾಫಿ" ಎನ್ನುತ್ತಿದ್ದ.

ವಿದೇಶದಿಂದ ಬಂದ ಗೆಳೆಯನೊಬ್ಬ ಅವನಿಗೆ ಈ ಆಟದ ಫ್ಲಾಪಿ ಕೊಟ್ಟುಹೋದ. ಆಟ ಇಷ್ಟೇ. ಆರು ಜನರ ತಂಡ ಕಟ್ಟಬೇಕು: ಕತ್ತಿ ಹಿಡಿಯುವವರು, ಮಂತ್ರ ಹಾಕುವವರು, ಗಾಯ ವಾಸಿ ಮಾಡುವ ಪೂಜಾರಿ, ಬೀಗ ತೆಗೆಯುವ ಕಳ್ಳ. ಊರಿನ ಕೆಳಗೆ ಹತ್ತು ಅಂತಸ್ತಿನ ನೆಲಮಾಳಿಗೆ. ಅಲ್ಲಿಗೆ ಇಳಿದು ರಾಕ್ಷಸರನ್ನು ಹೊಡೆದು ಮೇಲೆ ಬರಬೇಕು. ಹೊಡೆದಷ್ಟೂ ಬಲ ಹೆಚ್ಚುತ್ತದೆ. ಸತ್ತರೆ ಹೆಚ್ಚುಕಮ್ಮಿ ಸತ್ತ ಹಾಗೆಯೇ, ಆ ಊರಿನ ದೇವಸ್ಥಾನದವರು ಬದುಕಿಸಿಕೊಟ್ಟರೆ ಉಂಟು.

ಶ್ರೀಕಂಠನಿಗೆ ಹತ್ತನೇ ಅಂತಸ್ತಿನ ದೊಡ್ಡ ರಾಕ್ಷಸನನ್ನು ಹೊಡೆಯುವ ಆಸೆ, ಆದರೆ ಮೊದಲ ಅಂತಸ್ತಿನ ಸಣ್ಣಪುಟ್ಟವರನ್ನು ನೂರಾರು ಸಲ ಹೊಡೆದು ತಂಡಕ್ಕೆ ಬಲ ಬರಿಸುವ ತಾಳ್ಮೆ ಇಲ್ಲ. ಒಂದು ದಿನ ತಟ್ಟೆಯಲ್ಲಿ ಕೈ ತೊಳೆಯುತ್ತ ಹೇಳಿದ: "ಅತ್ತಿಗೆ, ಮಧ್ಯಾಹ್ನ ನೀವು ಹೆಂಗೂ ಸುಮ್ನೆ ಕೂತಿರ್ತೀರಲ್ಲ. ಸ್ವಲ್ಪ ಈ ಚಿಕ್ಕ ರಾಕ್ಷಸರನ್ನ ಹೊಡೀತಾ ಇರಿ."

ಸುಮ್ಮನೆ ಕೂತಿರುತ್ತೇನಂತೆ! ನೀವೇ ಹೇಳಿ, ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮಾತ್ರಕ್ಕೆ ಹೆಂಗಸು ಸುಮ್ಮನೆ ಕೂರುತ್ತಾಳೆಯೇ? ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸದ ಜೊತೆಗೆ ಇನ್ನೊಂದು ಆರಿಸುವ ಕೆಲಸ ನನ್ನ ಮೇಲೆ ಬಿತ್ತು. ಅತ್ತೆ ಮಲಗಿದ ಮೇಲೆ, ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ಬರುವವರೆಗೆ, ಕೈ ಒರೆಸಿಕೊಂಡು ಹೋಗಿ ಕೂರುತ್ತಿದ್ದೆ. ಒಂದು ಕೃಪೆಯೆಂದರೆ, ಆ ಹೊತ್ತಿನಲ್ಲಿ ನಮ್ಮ ಬೀದಿಗೆ ಕರೆಂಟು ಹೋಗುತ್ತಿದ್ದುದು ಕಡಿಮೆ.

ಮೊದಮೊದಲು ನಾನು ಮಾಡಿದ ಅನಾಹುತ ಕೇಳಿದರೆ ನಗುತ್ತೀರಿ. ತಂಡಕ್ಕೆ ಕಳ್ಳನನ್ನು ಸೇರಿಸಲೇ ಇಲ್ಲ. ಗೊತ್ತಿದ್ದೂ ಗೊತ್ತಿದ್ದೂ ಕಳ್ಳನಿಗೆ ಹೇಗೆ ಅನ್ನ ಹಾಕುವುದು? ಅವನ ಬದಲು ಇನ್ನೊಬ್ಬ ಪೂಜಾರಿಯನ್ನು ಸೇರಿಸಿಕೊಂಡೆ. ಸಿಕ್ಕ ಪೆಟ್ಟಿಗೆಯಲ್ಲೆಲ್ಲ ವಿಷದ ಮುಳ್ಳು, ತೆಗೆದವರೆಲ್ಲ ಸಾವಿನ ದವಡೆಗೆ. ಅದು ಸಾಲದು ಎಂದು ಏಕಾದಶಿಯ ದಿನ, ನಾನು ನಿರಾಹಾರ ಇರುವಾಗ ಅವರು ಗಡದ್ದಾಗಿ ತಿನ್ನುವುದೇನು ಎಂದು ಆರೂ ಜನರಿಗೆ ಉಪವಾಸ ಮಾಡಿಸಿದೆ. ಆಟದ ಗಡಿಯಾರದಲ್ಲಿ ನನ್ನ ಒಂದು ಮಧ್ಯಾಹ್ನ ಅವರಿಗೆ ಎಂಟು ದಿನ. ಪೂಜಾರಿಗಳಿಬ್ಬರೂ ದ್ವಾದಶಿ ಪಾರಣೆಗೆ ಮೊದಲೇ ಹಸಿವಿನಿಂದ ತೀರಿಕೊಂಡರು. ಊರಿನ ದೇವಸ್ಥಾನಕ್ಕೆ ಹೊತ್ತುಕೊಂಡು ಹೋದರೆ, ಬದುಕಿಸುತ್ತೇವೆಂದು ದಕ್ಷಿಣೆ ಮೊದಲೇ ಕಿತ್ತುಕೊಂಡು ಒಬ್ಬರನ್ನು ಬೂದಿ ಮಾಡಿ ಕೊಟ್ಟರು. ಯಾವ ಸೀಮೆಯ ದೇವಸ್ಥಾನವೋ! ನಾನು ಅಂದು ನಿಜವಾಗಿಯೂ ಅತ್ತುಬಿಟ್ಟೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸಾರಿಗೆ ಬೇಳೆ ಇಟ್ಟೆ.

ಅಂದಿನಿಂದ ಹಳೆಯ ಡೈರಿಯೊಂದರಲ್ಲಿ ಬರೆಯಲು ಶುರುಮಾಡಿದೆ. ಮೊದಲ ಪುಟದ ಮೇಲೆ ಶ್ರೀ ಗಣೇಶಾಯ ನಮಃ. ಕೆಳಗೆ ನಾನು ಪೆಟ್ಟು ತಿಂದು ಕಲಿತದ್ದು. ಪೂಜಾರಿಯನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸು. ಕಳ್ಳನಾದರೂ ಸರಿ, ಒಬ್ಬನಿರಲಿ. ಅವನ ಪಾಪ ಅವನಿಗೆ. ಮಂತ್ರಗಳು ಅರ್ಧ ಖರ್ಚಾದವೋ, ತಿರುಗಿ ಮೇಲೆ ಬಾ. ಇನ್ನೊಂದು ಬಾಗಿಲು ನೋಡಿಯೇಬಿಡೋಣ ಎನ್ನುವುದು ದುರಾಸೆ, ಹಾಲು ಉಕ್ಕಿದ ಮೇಲೆ ಒಲೆ ಆರಿಸಿ ಏನು ಫಲ. ಗುಣವಾದ ಗಾಯಕ್ಕೆ ಕೂಡಲೇ ಮತ್ತೆ ಪೆಟ್ಟು ತರಬೇಡ, ಒಂದು ದಿನ ಛತ್ರದಲ್ಲಿ ಮಲಗಿಸು.

ನಕ್ಷೆಗಳಂತೂ ನನ್ನ ಹೆಮ್ಮೆ. ಒಂದೊಂದು ಅಂತಸ್ತೂ ಉದ್ದಕ್ಕೆ ಇಪ್ಪತ್ತು ಹೆಜ್ಜೆ, ಅಡ್ಡಕ್ಕೆ ಇಪ್ಪತ್ತು. ಇಪ್ಪತ್ತು ಸಾಲು ಚುಕ್ಕಿ ಇಡುವುದೇನು ನನಗೆ ಹೊಸತೇ? ದಿನಾ ಬೆಳಗಾದರೆ ಬಾಗಿಲಿಗೆ ಇಡುವುದೇ. ಚುಕ್ಕಿ ಎಂದರೆ ಕಾಲಿಡುವ ಜಾಗ. ಅದನ್ನು ಬಳಸಿಕೊಂಡು ಹೋಗುವ ಎಳೆ ಎಂದರೆ ಗೋಡೆ. ಎಳೆ ರಂಗೋಲಿಯಲ್ಲಿ ಗೆರೆ ಚುಕ್ಕಿಯನ್ನು ಮುಟ್ಟುವುದಿಲ್ಲ, ಸುತ್ತುತ್ತದೆ. ಹಾಗೆ ಎಂಟು ಅಂತಸ್ತು ಬರೆದೆ. ಒಂದೂ ತಪ್ಪಿರಲಿಲ್ಲ. ಎಂಟನೆಯದರಲ್ಲಿ ಬೆಳಕೇ ಇಲ್ಲದ ಒಂದು ಭಾಗವಿತ್ತು. ಅದನ್ನು ನಾನು ಕೈಯಲ್ಲಿ ಗೋಡೆ ತಡವುವ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಡೈರಿಗೆ ಇಳಿಸಿದ್ದು. ಅದಕ್ಕೇ ಒಂದು ಶ್ರಾವಣ ಪೂರ್ತಿ ಹಿಡಿಯಿತು.

ಶ್ರೀಕಂಠ ಡೈರಿ ನೋಡಿದ. "ಪರವಾಗಿಲ್ವೇ ಅತ್ತಿಗೆ!" ಎಂದ. ಅಷ್ಟೇ ಎಂದ. ಅವನ ಸಂಜೆ ಪಾಠದವರೂ ಫ್ಲಾಪಿಯ ನಕಲು ಒಯ್ದು ತಮ್ಮ ತಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಇದನ್ನೇ ಆಡುತ್ತಿದ್ದರು. ವಾರ ಕಳೆದು ಅವರ ಕೈಯಲ್ಲೆಲ್ಲ ಸೈಕ್ಲೋಸ್ಟೈಲ್ ಮಾಡಿದ ಒಂದು ಪುಸ್ತಿಕೆ. "ಹೊಸ ಆಟಗಾರರಿಗೆ ಸೂಚನೆಗಳು." ಹಾಲು ಉಕ್ಕುವ ಮಾತೂ ಹಾಗೇ ಇದೆ, ಛತ್ರವೂ ಹಾಗೇ ಇದೆ. ಮೊದಲ ಪುಟದಲ್ಲಿ ನಾನು ಗಣಪತಿಯ ನಾಮ ಬರೆದಿದ್ದ ಜಾಗದಲ್ಲಿ ಶ್ರೀಕಂಠನ ಹೆಸರು. ನನ್ನನ್ನು ಬಿಟ್ಟದ್ದಿರಲಿ, ಗಣಪತಿಯನ್ನೂ ಎಬ್ಬಿಸಿ ತಾನು ಕೂತಿದ್ದ!

ನನಗೂ ಒಂದು ಪ್ರತಿ ಕೊಟ್ಟ. ನಾನೇನು ಮಾಡಿದೆ ಗೊತ್ತೇ? "ಚೆನ್ನಾಗಿ ಬಂದಿದೆ ಶ್ರೀಕಂಠ" ಎಂದು ಹೇಳಿ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಇವತ್ತಿಗೂ ಆ ಲೋಟ ನೆನೆದರೆ ನನ್ನ ಕೈ ಮೇಲೆ ನನಗೇ ಕೋಪ ಬರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಮರೆತುಬಿಡುತ್ತಿದ್ದೆನೇನೋ. ಹದಿನೈದು ದಿನಕ್ಕೆ ಪಾಠದವರು ಮೂರ್ನಾಲ್ಕು ಜನ ಒಟ್ಟಿಗೇ ತಿರುಗಿಬಿದ್ದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲ ಹತ್ತಿರ ಇದ್ದೆ. ಶ್ರೀರಾಂಪುರದಿಂದ ಬರುತ್ತಿದ್ದ ಗುಮಾಸ್ತರೊಬ್ಬರಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು.

"ಏನ್ ಸಾರ್ ನಿಮ್ ಮ್ಯಾಪು? ದಾರಿ ಅಂತ ಹೋದ್ರೆ ಬರೀ ಗೋಡೆ! ಏಳು ಮಾಳಿಗೆ ನಾನೇ ತಡಕಾಡಿ ದಾಟಿದ್ದೆ, ಇದ್ನ ನಂಬಿ ಎಂಟನೇ ಮಾಳಿಗೇಲಿ ಆರೂ ಜನ ಹೋಗ್ಬಿಟ್ರು ಸಾರ್. ಒಂದ್ ತಿಂಗಳಿಂದ ಸಾಕಿದ್ದೆ."

ಇನ್ನೊಬ್ಬರು, "ನಮ್ಮೋರು ಮೂರನೇದ್ರಲ್ಲೇ ಹೋದ್ರು ಬಿಡಿ, ಅಲ್ಲೀವರ್ಗೂ ಹೋಗೋ ಪುಣ್ಯನೂ ಇರ್ಲಿಲ್ಲ" ಎಂದರು.

ನಾನು ತಟ್ಟೆ ಇಟ್ಟು ಪುಸ್ತಿಕೆ ಬಿಡಿಸಿ ನೋಡಿದೆ. ಪ್ರತಿ ತೆಗೆಯಲು ಸ್ಟೆನ್ಸಿಲ್ ಹಾಳೆ ಕೊರೆಯುವಾಗ ಶ್ರೀಕಂಠ ನನ್ನ ಎಳೆಗಳನ್ನೆಲ್ಲ ನೆಟ್ಟಗೆ ಮಾಡಿ ಚುಕ್ಕಿಯಿಂದ ಚುಕ್ಕಿಗೆ ಸೇರಿಸಿದ್ದ! ಗೆರೆ ಎಂದರೆ ದಾರಿ ಎಂದುಕೊಂಡಿದ್ದ. ನನ್ನ ಗೋಡೆಗಳೆಲ್ಲ ಅವನ ರಸ್ತೆಗಳಾಗಿದ್ದವು. ಹುಟ್ಟಿದಂದಿನಿಂದ ರಂಗೋಲಿ ದಾಟಿಕೊಂಡೇ ಓಡಾಡಿದವನು, ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು, ಬಂದು "ಅತ್ತಿಗೆ, ಇದೇನು?" ಎಂದು ಒಂದು ಮಾತು ಕೇಳಿರಲಿಲ್ಲ.

ಆಗ ಅವನು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. ನನ್ನ ಕಡೆ ಕೈ ತೋರಿಸಿ ನಕ್ಕ.

"ಅದು ನಾನ್ ಮಾಡಿದ್ದಲ್ಲ ಸಾರ್, ನಮ್ಮ ಅತ್ತಿಗೆಯವರು ಬರ್ದಿದ್ದು. ಹೆಂಗಸ್ರ ಮ್ಯಾಪ್ ನಂಬ್ಕೊಂಡು ನಾನೂ ಕೆಟ್ಟೆ, ನಿಮ್ಮನ್ನೂ ಕೆಡಿಸ್ದೆ!"

ಎಲ್ಲರೂ ನಕ್ಕರು. ಸಿಟ್ಟೆಲ್ಲ ಇಳಿದುಹೋಯಿತು. ಗುಮಾಸ್ತರು ಒಳ್ಳೆಯವರು, ನನ್ನ ಮುಖ ನೋಡಿ, "ಹೋಗ್ಲಿ ಬಿಡಿ ಅಮ್ಮ, ಬೇಜಾರ್ ಮಾಡ್ಕೋಬೇಡಿ, ಎಲ್ರೂ ತಪ್ ಮಾಡ್ತಾರೆ" ಎಂದು ಕ್ಷಮಿಸಿಬಿಟ್ಟರು. ಮಾಡದ ತಪ್ಪಿಗೆ ಕ್ಷಮೆ! ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮೆಚ್ಚಿಕೊಳ್ಳುವಾಗ ಅದು ಶ್ರೀಕಂಠನ ಪುಸ್ತಕ. ದಾರಿ ತಪ್ಪಿದ ಕೂಡಲೇ ಅತ್ತಿಗೆಯವರ ನಕ್ಷೆ. ಒಂದೇ ಹಾಳೆ, ಹದಿನೈದೇ ದಿನ. ನನ್ನ ಪಾಲಿಗೆ ಬಂದ ಸಮಾಧಾನ ಒಂದೇ, ಕೈ ತೋರಿಸುವಾಗಲೂ ಬಹುವಚನ ಬಿಡಲಿಲ್ಲ.

ರಾತ್ರಿ ನಮ್ಮವರಿಗೆ ಹೇಳಿದೆ. "ಮನೆ ಅಂದ್ಮೇಲೆ ಅವನ್ದೇನು, ನಿನ್ದೇನು? ಆಟಕ್ಕೆ ಇಷ್ಟೊಂದು ಯಾಕೆ?" ಎಂದರು. ಹಾಗಾದರೆ ಮನೆಯ ಹೆಸರನ್ನೇ ಹಾಕಬಹುದಿತ್ತಲ್ಲ ಎಂದು ಕೇಳಬೇಕೆನಿಸಿತು. ಬಡಿಸುವ ಹೊತ್ತು. ಬಡಿಸಿದೆ. ಮರುದಿನದಿಂದ ಆ ಕೋಣೆಯೊಳಗೆ ಕೂರಲಿಲ್ಲ. ನನ್ನ ಆರು ಜನ ಎಂಟನೇ ಅಂತಸ್ತಿನಲ್ಲಿ, ಒಂಬತ್ತಕ್ಕೆ ಇಳಿಯುವ ಮೆಟ್ಟಿಲ ಬಳಿಯೇ ಉಳಿದರು. ಫ್ಲಾಪಿ ಏನಾಯಿತೋ ಕೇಳಲಿಲ್ಲ.

ಇಷ್ಟನ್ನೂ ಮೊನ್ನೆ ವಿನುತಾಗೆ ಹೇಳುವಷ್ಟರಲ್ಲಿ ಅವರೆಕಾಯಿ ಪೂರ್ತಿ ಸುಲಿದಾಗಿತ್ತು. ಅರ್ಧ ಅವಳೇ ಸುಲಿದಿದ್ದಳು.

"ಅತ್ತೆ, ಚಿಕ್ಕಪ್ಪನ್ನ ಅವತ್ತೇ ಕೇಳ್ಬೇಕಿತ್ತು ನೀವು!"

"ಹೇಳೋದು ಸುಲಭ ಕಣೇ. ನೀನು ಆ ತಟ್ಟೆ ಹಿಡ್ಕೊಂಡು ನಿಂತಿದ್ರೆ ಗೊತ್ತಾಗ್ತಿತ್ತು," ಎಂದು ಅವಳ ಮೇಲೂ ಹರಿಹಾಯ್ದೆ. ಪಾಪ, ತಡೆದುಕೊಂಡಳು. ಇಂಥ ಸೊಸೆ ಸಿಕ್ಕಿದ್ದು ನನ್ನ ಪುಣ್ಯ. ಅವಳ ಮುಂದೆ ಹೇಳುವುದಿಲ್ಲ.

ಅವಳು ಆ ಸೂಚನೆಗಳ ಪುಟವನ್ನು ಮುಚ್ಚಿ ಖಾಲಿ ಪುಟ ತೆರೆದಳು. "ಹೇಳಿ, ನಾನು ಟೈಪ್ ಮಾಡ್ತೀನಿ. ಆಡೋರೆಲ್ಲ ಓದೋ ಕಡೆ ಹಾಕೋಣ." ಹೇಳುತ್ತ ಹೋದೆ. ಕೆಳಗಿಳಿಯುವ ಮೊದಲು ಮೇಲೆ ಬರುವ ದಾರಿ. ಪೂಜಾರಿ ಹಿಂದೆ. ಕಳ್ಳ ಇರಲಿ. ಯಾರ ಏಕಾದಶಿಯನ್ನು ಯಾರ ಮೇಲೂ ಹೊರಿಸಬೇಡಿ. ನಕ್ಷೆ ಕೊಡುವವರು ಗೆರೆ ಎಂದರೇನು, ಚುಕ್ಕಿ ಎಂದರೇನು ಎಂದು ಪಕ್ಕದಲ್ಲಿ ಬರೆಯಿರಿ. ನಕಲು ಮಾಡುವವರು ಒಮ್ಮೆ ಕೇಳಿ. ನನಗೇ ಆಶ್ಚರ್ಯ, ಒಂದೂ ಮರೆತಿರಲಿಲ್ಲ.

"ಕೆಳಗೆ ಯಾರ ಹೆಸರು ಹಾಕ್ಲಿ ಅತ್ತೆ?"

"ಅಯ್ಯೋ, ಹೆಸರೇನು ಬೇಡ ಬಿಡು. ಯಾರೋ ಒಬ್ರು ಅಂತ ಹಾಕು."

ಈ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿ ತಾನಾಗಿಯೇ ಆಡಿತು. ಶ್ರೀಕಂಠ ಪಕ್ಕದಲ್ಲಿರಲಿಲ್ಲ. ಯಾರೂ ನಗುತ್ತಿರಲಿಲ್ಲ. ಇಷ್ಟು ವರ್ಷ ಅವನ ಮೇಲೆ ಕುದಿದು, ಅವನು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆನಲ್ಲ! ವಿನುತಾ ಆಗಲೇ "ಯಾರೋ" ಎಂದು ಹೊಡೆದಾಗಿತ್ತು.

"ಅಳಿಸು ಅದನ್ನ," ಎಂದೆ. ಜೋರಾಗಿಯೇ ಹೇಳಿದೆನೆಂದು ತೋರುತ್ತದೆ, ಅವಳು ಬೆಚ್ಚಿದಳು. ನನ್ನ ಹೆಸರು ಹೇಳಿದೆ. ತವರಿನ ಇನಿಷಿಯಲ್ಲೂ ಸೇರಿಸಿ ಪೂರ್ತಿ ಹೆಸರು.

"ತಪ್ಪೇನಾದ್ರೂ ಇದ್ರೆ ಜನ ನಿಮ್ಮನ್ನೇ ಬೈತಾರೆ ಅತ್ತೆ," ಎಂದು ನಕ್ಕಳು.

"ಬೈಲಿ," ಎಂದೆ. "ಈ ಸಲ ನನ್ನದೇ ತಪ್ಪಿಗೆ ತಾನೇ?"