ಬಾಣಂತಿಗೆ ತಾಟೆ ಮೀನು

ಕ್ರಾಸ್‌ರೋಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ವಾರ ಮಗುವಿನ ತೂಕ ಬಿಟ್ಟರೆ ಬೇರೆ ಮಾತಿರಲಿಲ್ಲ. ಹುಟ್ಟಿದಾಗ ಇದ್ದ ತೂಕ ಇಳಿದಿತ್ತು, ಮತ್ತೆ ಏರಿರಲಿಲ್ಲ. ಎದೆಹಾಲಿನ ಜೊತೆಗೆ ಪುಡಿಹಾಲನ್ನೂ ಕೊಡಿ ಎಂದಿದ್ದಳು ಕ್ಲಿನಿಕ್ಕಿನ ನರ್ಸ್. ಹೆಂಡತಿ ಒಪ್ಪಲಿಲ್ಲ. ಬಾಣಂತನಕ್ಕೆಂದು ಉಡುಪಿಯಿಂದ ಈ ಪರದೇಶಕ್ಕೆ ಬಂದಿದ್ದ ಅತ್ತೆ ಮೆಂತೆ ಗಂಜಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಲ್ಲವನ್ನೂ ಮಾಡಿ ಹಾಕಿದ್ದರು. ಹಾಲು ಹೆಚ್ಚಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ಅತ್ತೆಗೆ ಫೋನಿನಲ್ಲಿ ನಾನು ಹಿಡಿದ ಒಂದು ಮೀನಿನ ಫೋಟೊ ತೋರಿಸಿದೆ. ಅವರ ಮುಖ ಸ್ವಲ್ಪ ಅರಳಲಿ ಎಂಬುದಷ್ಟೇ ಉದ್ದೇಶ. ಬಿಡುವಾದಾಗ ನಾನು ಪ್ಯೂಜೆಟ್ ಸೌಂಡ್ ಎಂಬ ಇಲ್ಲಿನ ಕೊಲ್ಲಿಯ ಉಪ್ಪುನೀರಿನಲ್ಲಿ ಫ್ಲೈ ಗಾಳ ಹಾಕುತ್ತೇನೆ. ಇದಕ್ಕೆ ಹುಳವೂ ಬೇಡ, ಮೀನಿನ ತುಂಡೂ ಬೇಡ. ಕೊಕ್ಕೆಗೆ ಬಿಳಿ ರೋಮ, ಮಿನುಗುವ ಎಳೆ ಸುತ್ತಿ ಪುಟ್ಟ ಮೀನಿನಂತೆ ಮಾಡಿ, ದಪ್ಪ ದಾರದ ಭಾರದಿಂದಲೇ ಅದನ್ನು ದೂರಕ್ಕೆ ಬೀಸಬೇಕು. ಇಳಿತ ಮುಗಿದು ನೀರು ಮತ್ತೆ ಏರುವಾಗ ಸಣ್ಣ ಶಾರ್ಕುಗಳು ಮೊಣಕಾಲುಮಟ್ಟದ ನೀರಿಗೂ ಬರುತ್ತವೆ.

ಅತ್ತೆ ಫೋಟೊ ದೊಡ್ಡದು ಮಾಡಿ ನೋಡಿದರು. "ಇದು ತಾಟೆ ಅಲ್ವಾ?"

"ಹೌದು."

"ಹಿಡಿದು ಎಂತ ಮಾಡಿದಿರಿ?"

"ಬಿಟ್ಟೆ."

"ಬಿಡ್ಲಿಕ್ಕೆ ಹಿಡಿಯುದಾ! ನನ್ನ ಮಗಳಿಗೆ ಇಲ್ಲಿ ಹಾಲಿಲ್ಲ, ನೀವು ತಾಟೆಯನ್ನು ಮುದ್ದು ಮಾಡಿ ಕಳಿಸುದು. ಒಳ್ಳೆ ಅಳಿಯ ಮಾರಾಯ್ರೆ ನೀವು."

ನಮ್ಮ ಕಡೆ ಮರಿ ಶಾರ್ಕಿಗೆ ತಾಟೆ ಎನ್ನುತ್ತಾರೆ. ಕರಿಮೆಣಸು, ಬೆಳ್ಳುಳ್ಳಿ ಹಾಕಿ ಬಾಣಂತಿಗೆ ಮಾಡಿಕೊಟ್ಟರೆ ಹಾಲು ಬರುತ್ತದೆ ಎಂಬ ನಂಬಿಕೆ. ನನ್ನ ಅಮ್ಮನೂ ತಿಂದಿದ್ದಳು. ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿದೆ. ಹಾಲೂಡಿಸುವವರಿಗೆ ಶಾರ್ಕ್ ಬೇಡವೇ ಬೇಡ, ಅದರಲ್ಲಿರುವ ಪಾದರಸ ಹಾಲಿನ ಮೂಲಕ ಮಗುವಿಗೆ ಹೋಗಬಹುದು ಎಂದಳು ನರ್ಸ್. ಅದನ್ನು ಹಾಗೆಯೇ ಬಂದು ಹೇಳಿದೆ.

"ಅವಳಿಗೆಂತ ಗೊತ್ತುಂಟು? ನಾನು ಇವಳಿಗೆ ಹಾಲು ಕೊಟ್ಟದ್ದು ಅದನ್ನು ತಿಂದೇ," ಎಂದರು ಅತ್ತೆ.

ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಒಂದು ಸಲ ತಂದ್ಕೊಡು," ಎಂದಳು. "ಇದೊಂದು ನೋಡ್ತೇನೆ. ಆಗದಿದ್ರೆ ನರ್ಸ್ ಹೇಳಿದ ಹಾಗೆ ಬಾಟ್ಲಿ."

ಹೊರಟೆ. ಮೀನು ಸಿಗದಿದ್ದರೇ ಒಳ್ಳೆಯದು, ಆಗ ಯಾರೂ ಯಾರಿಗೂ ಇಲ್ಲ ಎನ್ನಬೇಕಿರಲಿಲ್ಲ. ಪಕ್ಕದ ಮನೆಯ ತೆಲುಗು ಹೆಂಗಸನ್ನು ಮಗಳ ಬಳಿ ಕೂರಿಸಿ ಅತ್ತೆಯೂ ಕಾರು ಹತ್ತಿದರು. ಮಡಿಲಲ್ಲಿ ಚೂರಿ, ಪ್ಲಾಸ್ಟಿಕ್ ಡಬ್ಬ. ತಾಟೆಯನ್ನು ಹಿಡಿದಲ್ಲೇ ಕೊಯ್ದು ರಕ್ತ ಹರಿಸದಿದ್ದರೆ ಮಾಂಸ ಮೂತ್ರದ ನಾತ ಹೊಡೆಯುತ್ತದೆ. ಆ ಕೆಲಸ ನನಗೆ ಬರುವುದಿಲ್ಲ ಎಂಬುದು ಅವರಿಗೆ ಖಾತ್ರಿಯಿತ್ತು. ಟಕ್ವಿಲಾ ಊರು ದಾಟಿ ಕಡಲ ದಂಡೆ ತಲುಪಿದೆವು.

ಕೆಸರು ದಾಟಿ ನೀರಿಗಿಳಿದೆ. ಬೀಸಿದಾಗಲೆಲ್ಲ ಫ್ಲೈ ಖಾಲಿ ಬರುತ್ತಿತ್ತು. ಪ್ರತಿ ಸಲವೂ ನನಗೆ ಸಮಾಧಾನ.

"ಇದೆಂತ, ನಾಯಿ ಓಡಿಸುವ ಹಾಗೆ! ಬಂಗುಡೆ ತುಂಡು ಕಟ್ಟಿ ಹಾಕಿ," ಎಂದು ಅತ್ತೆ ದಡದಿಂದ ಕೂಗಿದರು.

ಆಮೇಲೆ ದಾರ ಭಾರವಾಯಿತು. ಈ ಮೀನು ನೀರಿನಿಂದ ಹಾರುವುದಿಲ್ಲ, ತಲೆ ಅಲ್ಲಾಡಿಸುತ್ತ ತಳಕ್ಕೆ ಎಳೆಯುತ್ತದೆ. ದಾರ ಸಡಿಲ ಬಿಟ್ಟಿದ್ದರೆ ತಪ್ಪಿಸಿಕೊಳ್ಳುತ್ತಿತ್ತು. ಆದರೆ ಅತ್ತೆ ಸೀರೆ ಎತ್ತಿ ಕಟ್ಟಿ ಆ ತಣ್ಣೀರಿಗೆ ಇಳಿದುಬಿಟ್ಟಿದ್ದರು. ಅವರ ಎದುರಿಗೆ ನಾಟಕ ಮಾಡಲು ಮನಸ್ಸಾಗಲಿಲ್ಲ. ಬೆನ್ನಿನ ಮುಳ್ಳು ತಾಗದಂತೆ ಬಾಲವನ್ನೂ ತಲೆಯ ಹಿಂಭಾಗವನ್ನೂ ಹಿಡಿದೆ. ತೋಳುದ್ದದ ಮೀನು, ಹಸಿರು ಕಣ್ಣು, ಉಪ್ಪುಕಾಗದದಂಥ ಚರ್ಮ.

"ಕೊಡಿ ಇಲ್ಲಿ."

"ಕೊಡುದಿಲ್ಲ ಅತ್ತೆ."

"ಎಂತ?"

"ಮಗುವಿಗೆ ಏನಾದ್ರೂ ಆದ್ರೆ?"

"ಈಗ ಆಗ್ತಾ ಇರುದು ಎಂತ ಮತ್ತೆ? ದಿನಾ ನೋಡ್ತಾ ಇಲ್ವಾ ನೀವು?"

ಕೊಕ್ಕೆ ಬಿಡಿಸಿ ಕೈ ಸಡಿಲಿಸಿದೆ. ಅದು ಕೆಸರು ಕದಡಿ ಹೋಯಿತು. ಅದು ಹೋದ ದಿಕ್ಕನ್ನೇ ಅತ್ತೆ ನೋಡುತ್ತ ನಿಂತರು. ಬನ್ನಿ ಎಂದು ಕರೆದರೂ ಕೇಳಿಸಿಕೊಳ್ಳಲಿಲ್ಲ.

ಬರುವ ದಾರಿಯಲ್ಲಿ ಪುಡಿಹಾಲು, ಬಾಟಲಿ ಕೊಂಡೆ. ಅಂಗಡಿಯ ಹತ್ತಿರ ಅತ್ತೆ ಕಾರಿನಿಂದ ಇಳಿಯಲಿಲ್ಲ.

"ಸಿಕ್ತಾ?" ಎಂದಳು ಹೆಂಡತಿ, ನಾವು ಮನೆಯೊಳಗೆ ಬರುತ್ತಲೇ.

"ಸಿಕ್ಕಿತ್ತು. ನಿನ್ನ ಗಂಡ ಬಿಟ್ರು," ಎಂದರು ಅತ್ತೆ.

ಜಗಳ ಆಗುತ್ತದೆ ಎಂದುಕೊಂಡೆ. ಆಗಲಿಲ್ಲ. ನಾನು ಬೆರೆಸಿ ತಂದ ಬಾಟಲಿಯನ್ನು ಅವಳು ನನ್ನ ಮುಖ ನೋಡದೆ ತೆಗೆದುಕೊಂಡು ಮಗುವಿನ ಬಾಯಿಗಿಟ್ಟಳು. ಮಗು ಎಲ್ಲೂ ನಿಲ್ಲಿಸದೆ ಕುಡಿಯಿತು. ಖಾಲಿಯಾದ ಮೇಲೂ ಚೀಪುತ್ತಿತ್ತು.

"ಇಷ್ಟು ದಿನ ಇದು ಹಸಿದೇ ಇತ್ತಾ ಅಮ್ಮ?"

ಅತ್ತೆ ಬಾಟಲಿ ತೆಗೆದುಕೊಂಡು ಅಡುಗೆಮನೆಗೆ ಹೋಗಿ ನನ್ನನ್ನು ಕರೆದರು. "ಇನ್ನೊಂದು ಹೇಗೆ ಮಾಡುದು, ತೋರಿಸಿ."

ನೀರು ಎಷ್ಟು ಬಿಸಿಯಿರಬೇಕು ಎಂದು ಹೇಳುತ್ತಿದ್ದಾಗ ಕೋಣೆಯಲ್ಲಿ ಹೆಂಡತಿ ಅಳುವುದು ಕೇಳಿಸಿತು. ನಾವಿಬ್ಬರೂ ಅಲ್ಲೇ ನಿಂತಿದ್ದೆವು.