ಹುಳುಮನೆಯಿಂದ ನೋಡಿದ ಸೀಮಂತ

ನನ್ನ ಓರಗಿತ್ತಿಯ ಸೀಮಂತವನ್ನು ನಾನು ಕಿಟಕಿಯ ಜಾಲರಿಯಿಂದ ನೋಡಿದೆ. ಹೊಟ್ಟೆ ಉರಿಯಿತು, ಮುಚ್ಚಿಡುವುದೇನಿದೆ? ಇಬ್ಬರಿಗೂ ಏಳು ತಿಂಗಳು, ಇಬ್ಬರಿಗೂ ಸೇರಿಸಿ ಗೊತ್ತುಮಾಡಿದ್ದ ದಿನ ಅದು. ಅವಳಿಗೆ ಮದುವೆಯಾದ ವರ್ಷವೇ ಬಸಿರು ನಿಂತಿತ್ತು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತು ಪಡೆದದ್ದು ನನ್ನದು. ಅಷ್ಟರಲ್ಲಿ ಕೊರೊನಾ ಬಂತು, ಅದೂ ನನಗೊಬ್ಬಳಿಗೇ. ಸಾಸಲಿನ ನಮ್ಮ ಮನೆಯ ಹಿಂದೆ ರೇಷ್ಮೆಹುಳು ಸಾಕುವ ಕೋಣೆ ಖಾಲಿ ಬಿದ್ದಿತ್ತು. ನನ್ನನ್ನು ಅಲ್ಲಿಗೆ ಹಾಕಿದರು.

"ಮುಹೂರ್ತ ಬಿಡಕ್ಕಾಗುತ್ತಾ? ನಿಂಗೆ ಒಂಬತ್ತರಲ್ಲಿ ಮಾಡನ ಬಿಡು" ಎಂದರು ಅತ್ತೆ, ದೂರ ನಿಂತು.

ಡಾಕ್ಟರು ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ಕೊಟ್ಟಿದ್ದರು. ಅಂಕಿ ಇಳಿದರೆ ಮಗುವಿಗೆ ಅಪಾಯ, ಕೂಡಲೇ ಬರಬೇಕು ಎಂದಿದ್ದರು. ನನ್ನ ಜೀವವೆಲ್ಲ ಆ ಅಂಕಿಯಲ್ಲೇ ಇತ್ತು.

ಸೀಮಂತದ ಹಿಂದಿನ ಸಂಜೆ ಅಂಗಳದಲ್ಲಿ ಗೋರಂಟಿ ಅರೆದರು. ಓರಗಿತ್ತಿ ಮಹಾರಾಣಿಯ ಹಾಗೆ ಕೈ ಚಾಚಿ ಕೂತಿದ್ದಳು, ಒಂದೊಂದು ಕೈಗೆ ಒಬ್ಬೊಬ್ಬ ಹೆಂಗಸು. ನನಗೆ ತಡೆಯಲಾಗಲಿಲ್ಲ.

"ನಂಗೂ ಒಂದ್ ಉಂಡೆ ಇಡಿ! ನಾನೇನ್ ಬಸುರಿ ಅಲ್ವಾ?" ಎಂದು ಒಳಗಿನಿಂದಲೇ ಕೂಗಿದೆ.

ಅತ್ತೆ ಎಲೆಯಲ್ಲಿ ಒಂದು ಉಂಡೆ ತಂದು ಹೊಸ್ತಿಲಲ್ಲಿಟ್ಟು ಓಡಿದರು. ಹತ್ತೂ ಬೆರಳ ತುದಿಗೆ ದಪ್ಪಗೆ ಮೆತ್ತಿಕೊಂಡೆ. ಅವಳದಕ್ಕಿಂತ ಕಪ್ಪಗೆ ಬರಲೆಂದು ಟೀ ಡಿಕಾಕ್ಷನ್ ಬೇರೆ ಚಿಮುಕಿಸಿದೆ.

ಮರುದಿನ ಅವಳ ಕೈತುಂಬ ಹಸಿರು ಬಳೆ, ಮಡಿಲು ತುಂಬ ಹಣ್ಣು. ಆರತಿ ಎತ್ತುವ ಹೊತ್ತಿಗೆ ನಾನು ಮೀಟರ್ ಸಿಕ್ಕಿಸಿದೆ. ಅಂಕಿ ತೊಂಬತ್ತಕ್ಕಿಂತ ಕೆಳಗೆ! ಬೆರಳು ಬದಲಿಸಿದೆ, ಇನ್ನೂ ಕೆಳಗೆ.

"ಅಯ್ಯೋ, ನನ್ ಮಗು!" ಎಂದು ಕಿರುಚಿಕೊಂಡೆ.

ಆರತಿ ಅರ್ಧಕ್ಕೆ ನಿಂತಿತು. ನನ್ನ ಗಂಡ ಕಾರು ತೆಗೆಯಲು ಓಡಿದ. ಎಲ್ಲರೂ ಹುಳುಮನೆಯ ಕಡೆ ತಿರುಗಿದರು, ಹಸೆಯ ಮೇಲಿದ್ದ ಅವಳೂ ಎದ್ದಳು. ಅಷ್ಟು ಭಯದಲ್ಲೂ ನಾನು ಅದನ್ನು ಗಮನಿಸಿದೆ ನೋಡಿ.

ದೊಡ್ಡಬಳ್ಳಾಪುರದವರೆಗೂ ಹೊಟ್ಟೆ ಹಿಡಿದುಕೊಂಡೇ ಕೂತಿದ್ದೆ. ಡಾಕ್ಟರು ನನ್ನ ಬೆರಳು ನೋಡಿ ಹಣೆ ಚಚ್ಚಿಕೊಂಡರು. "ಏನಮ್ಮಾ ಇದು, ಈ ಪಾಟಿ ಗೋರಂಟಿ? ಇದರ ಮೇಲೆ ಮೀಟರ್ ಸರಿಯಾಗಿ ತೋರಿಸಲ್ಲ!" ಕಿವಿಯ ತುದಿಗೆ ಬೇರೆಯದನ್ನು ಸಿಕ್ಕಿಸಿದರು. ಆಕ್ಸಿಜನ್ ಸರಿಯಾಗಿಯೇ ಇತ್ತು. ಆಮೇಲೆ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳಿಸಿದರು. ದಡದಡ ಓಡುತ್ತಿತ್ತು. ನಾನು ಗೊಳೋ ಎಂದು ಅತ್ತೆ.

ಆ ಸದ್ದನ್ನು ಫೋನಿನಲ್ಲಿ ಹಿಡಿದು ಮೊದಲು ಓರಗಿತ್ತಿಗೇ ಕಳಿಸಿದೆ. ಕೇಳಲಿ ಎಂದೇ ಕಳಿಸಿದ್ದು.

ಹಿಂದಿರುಗುವಾಗ ಕಾರಿನಲ್ಲಿ ನನ್ನ ಫೋನಿಗೆ ಅವಳ ವಾಯ್ಸ್ ಮೆಸೇಜ್ ಬಂತು. "ಅಕ್ಕಾ, ನನ್ ಮಗೂದು ನಾನಿನ್ನೂ ಒಂದ್ಸಲಾನೂ ಕೇಳಿಲ್ಲ ಕಣಕ್ಕಾ. ಕೊರೊನಾ ಅಂತ ಯಾರೂ ಆಸ್ಪತ್ರೆಗೇ ಕರ್ಕೊಂಡ್ ಹೋಗಿಲ್ಲ. ನಿಂದು ಕೇಳಿ ಹೊಟ್ಟೆಕಿಚ್ಚಾಯ್ತು, ಬೈಕೋಬೇಡ. ಭಾವಂಗೆ ಒಂದ್ ಮಾತ್ ಹೇಳ್ತೀಯಾ?"

ಅದನ್ನು ಮತ್ತೊಮ್ಮೆ ಹಾಕಿಕೊಂಡು ಕೇಳಿದೆ. ಸುಳ್ಳೇಕೆ, ಹಿತವಾಗಿತ್ತು. ಆಮೇಲೆ ಗಂಡನಿಗೆ ಹೇಳಿದೆ: "ನಾಳೆ ಬೆಳಿಗ್ಗೇನೇ ಅವಳನ್ನ ಆಸ್ಪತ್ರೆಗೆ ಕಳ್ಸಿ. ಈ ಕಾರಲ್ಲಿ ಮಾತ್ರ ಬೇಡ, ಕೊರೊನಾ ಇಟ್ಕೊಂಡು ನಾನು ಕೂತಿದ್ದೀನಿ."